ಒಂದೇ ಪರದೆ, ಹಲವು ಕೊಠಡಿ

ನಾಲ್ಕು ನಿಮಿಷದ ಒಂದು ಭಾವಗೀತೆಯನ್ನು ಲ್ಯಾಪ್‌ಟಾಪ್‌ನಲ್ಲಿ ಕಟ್ಟಲು ಹೊರಟವರ ಪರದೆಯ ಮೇಲೆ ಏನೇನು ತೆರೆದಿರುತ್ತದೆ ಎಂದು ಒಮ್ಮೆ ಎಣಿಸಿ ನೋಡಬೇಕು. ಗಾಯನ, ತಬಲಾ, ಕೊಳಲು, ಹಾರ್ಮೋನಿಯಂ, ತಂಬೂರಿಯ ಶ್ರುತಿ, ಹೀಗೆ ಟ್ರ್ಯಾಕ್‌ಗಳು ಸಾಲಾಗಿ ನಿಂತ ಮುಖ್ಯ ವಿಂಡೋ ಒಂದು. ಪ್ರತಿ ಟ್ರ್ಯಾಕ್‌ನ ಸದ್ದು ಏರಿಸಿ ಇಳಿಸುವ ಮಿಕ್ಸರ್ ಇನ್ನೊಂದು. ಕೀಬೋರ್ಡ್ ವಾದ್ಯದ ಸ್ವರಗಳನ್ನು ಒಂದೊಂದಾಗಿ ಕೂರಿಸುವ ಪಿಯಾನೊ ರೋಲ್ ಮತ್ತೊಂದು. ಗಾಯಕಿಯ ದನಿಗೆ ಹಾಕಿದ ಈಕ್ವಲೈಸರ್, ಕಂಪ್ರೆಸರ್, ರಿವರ್ಬ್ ಪ್ಲಗಿನ್‌ಗಳಿಗೆ ತಲಾ ಒಂದು ವಿಂಡೋ. ಇವುಗಳ ನಡುವೆಯೇ ಸಾಹಿತ್ಯ ಬರೆದಿಟ್ಟ ಕಡತ, ಸ್ಯಾಂಪಲ್‌ಗಳ ಫೋಲ್ಡರ್, ಹೋಲಿಸಿ ಕೇಳಲೆಂದು ಬ್ರೌಸರ್‌ನಲ್ಲಿ ತೆರೆದಿಟ್ಟ ಹಳೆಯ ಹಾಡು, ಆಗಾಗ ತಲೆ ಎತ್ತುವ ವಾಟ್ಸ್‌ಆ್ಯಪ್. ಇಷ್ಟೂ 14 ಅಥವಾ 15 ಇಂಚಿನ ಗಾಜಿನೊಳಗೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಅಳತೆ 1366×768 ಪಿಕ್ಸೆಲ್ ಇರುವುದುಂಟು. ಅಲ್ಲಿ ಮಿಕ್ಸರ್ ತೆರೆದರೆ ಟ್ರ್ಯಾಕ್‌ಗಳು ಮರೆ, ಪ್ಲಗಿನ್ ತೆರೆದರೆ ಮಿಕ್ಸರ್ ಮರೆ.

ಹಿಂದಿನ ಸ್ಟುಡಿಯೊಗಳಲ್ಲಿ ಈ ಕಷ್ಟ ಇರಲಿಲ್ಲ. ಅಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದು ಜಾಗವಿತ್ತು. 1967ರಲ್ಲಿ ಹೊರಬಂದ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮನ್ನು ಬೀಟಲ್ಸ್ ತಂಡ ಲಂಡನ್ನಿನ ಅಬ್ಬೇ ರೋಡಿನ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದ್ದು ಸ್ಟೂಡರ್ ಜೆ37 ಎಂಬ ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರಗಳಲ್ಲಿ. ಯಂತ್ರ ಒಂದು ಕಡೆ, ಮಿಕ್ಸಿಂಗ್ ಕನ್ಸೋಲ್ ಇನ್ನೊಂದು ಕಡೆ, ಗಾಜಿನಾಚೆ ವಾದ್ಯಗಾರರು. ಎಂಜಿನಿಯರ್ ಕುತ್ತಿಗೆ ತಿರುಗಿಸಿದರೆ ಸಾಕು, ಕೆಲಸ ಬದಲಾಗುತ್ತಿತ್ತು. ಕನ್ನಡ ಚಿತ್ರಗೀತೆಗಳೂ ಬಹುಕಾಲ ಇಂಥದೇ ದೊಡ್ಡ ಕೋಣೆಗಳಲ್ಲಿ, ಬಹುಪಾಲು ಮದರಾಸಿನಲ್ಲಿ, ಮುದ್ರಣಗೊಂಡವು. 1980ರ ದಶಕದಲ್ಲಿ ಶಂಕರ್‌ನಾಗ್ ಅವರ ಸಂಕೇತ್ ಸ್ಟುಡಿಯೊ ಬಂದ ಮೇಲೆ ಆ ಸೌಕರ್ಯ ಬೆಂಗಳೂರಿಗೂ ಒದಗಿತು. ಈಗ ಆ ಕೋಣೆಯಷ್ಟನ್ನೂ ಮಡಿಸಿ ಒಂದು ಲ್ಯಾಪ್‌ಟಾಪಿಗೆ ತುಂಬಿದ್ದಾಗಿದೆ. ಸಾಮರ್ಥ್ಯ ಪೂರ್ತಿ ಬಂದಿದೆ. ಜಾಗ ಮಾತ್ರ ಬಂದಿಲ್ಲ.

ಆ ಜಾಗವನ್ನು ಹಣ ಖರ್ಚಿಲ್ಲದೆ ಒಂದಿಷ್ಟು ಮರಳಿ ಪಡೆಯುವ ಉಪಾಯವೇ ವರ್ಚುವಲ್ ಡೆಸ್ಕ್‌ಟಾಪ್. ಪರದೆ ಒಂದೇ, ಆದರೆ ಅದರ ಹಿಂದೆ ಎರಡೋ ಮೂರೋ ಡೆಸ್ಕ್‌ಟಾಪ್‌ಗಳಿರುತ್ತವೆ, ಪ್ರತಿಯೊಂದರಲ್ಲೂ ಬೇರೆ ಬೇರೆ ವಿಂಡೋಗಳು. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಕೀ, ಕಂಟ್ರೋಲ್, ಡಿ ಮೂರನ್ನೂ ಒಟ್ಟಿಗೆ ಒತ್ತಿದರೆ ಹೊಸದೊಂದು ಡೆಸ್ಕ್‌ಟಾಪ್ ಹುಟ್ಟುತ್ತದೆ. ವಿಂಡೋಸ್ ಕೀ ಮತ್ತು ಕಂಟ್ರೋಲ್ ಜತೆ ಎಡ, ಬಲ ಬಾಣ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಮ್ಯಾಕ್‌ನಲ್ಲಿ ಕಂಟ್ರೋಲ್ ಮತ್ತು ಬಾಣದ ಕೀ ಸಾಕು. ಟ್ರ್ಯಾಕ್‌ಪ್ಯಾಡ್ ಮೇಲೆ ಬೆರಳುಗಳನ್ನು ಪಕ್ಕಕ್ಕೆ ಸರಿಸಿದರೂ ಆಯಿತು.

ಈ ಕಲ್ಪನೆ ಸಂಗೀತಕ್ಕಾಗಿ ಹುಟ್ಟಿದ್ದಲ್ಲ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವೊಂದಿತ್ತು. ಅಲ್ಲಿನ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ 1986ರಲ್ಲಿ ‘ರೂಮ್ಸ್’ ಎಂಬ ವ್ಯವಸ್ಥೆಯನ್ನು ವಿವರಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು. ಅವರು ಗಮನಿಸಿದ ಸಂಗತಿ ಇಂದಿನ ಸಂಗೀತಗಾರರಿಗೂ ಪೂರ್ತಿ ಅನ್ವಯಿಸುತ್ತದೆ: ಜನ ವಿಂಡೋಗಳನ್ನು ಮನಬಂದಂತೆ ಬಳಸುವುದಿಲ್ಲ. ಒಂದು ಕೆಲಸದಲ್ಲಿ ತೊಡಗಿದಾಗ ನಾಲ್ಕೈದು ವಿಂಡೋಗಳ ಒಂದು ಗುಂಪಿನೊಳಗೇ ಸುತ್ತುತ್ತಿರುತ್ತಾರೆ; ಕೆಲಸ ಬದಲಾದಾಗ ಗುಂಪೂ ಬದಲಾಗುತ್ತದೆ. ಪರದೆ ಚಿಕ್ಕದಾದರೆ ಒಂದು ಗುಂಪು ಇನ್ನೊಂದನ್ನು ತಳ್ಳಿ ಜಾಗ ಮಾಡಿಕೊಳ್ಳಬೇಕು. ಆಗ ಮನುಷ್ಯನ ಸಮಯವೆಲ್ಲ ಕೆಲಸಕ್ಕಿಂತ ವಿಂಡೋ ಸರಿಸುವುದರಲ್ಲೇ ಕಳೆದುಹೋಗುತ್ತದೆ. ಕಂಪ್ಯೂಟರಿನ ಮೆಮೊರಿ ಸಾಲದಾದಾಗ ಅದು ಡಿಸ್ಕಿಗೂ ಮೆಮೊರಿಗೂ ಮಾಹಿತಿ ಸಾಗಿಸುವುದರಲ್ಲೇ ಬಳಲುವುದನ್ನು ಕಂಪ್ಯೂಟರ್ ವಿಜ್ಞಾನಿಗಳು ಆಗಲೇ ಅಧ್ಯಯನ ಮಾಡಿದ್ದರು. ಪರದೆಯ ಮೇಲೆ ಮನುಷ್ಯನಿಗೆ ಆಗುತ್ತಿರುವುದೂ ಅದೇ ಎಂದು ಇವರಿಬ್ಬರು ಗುರುತಿಸಿದರು.

ಅವರ ಪರಿಹಾರ ಸೊಗಸಾಗಿತ್ತು. ಒಂದೊಂದು ಕೆಲಸಕ್ಕೆ ಒಂದೊಂದು ಕೊಠಡಿ. ಕೊಠಡಿಯಿಂದ ಕೊಠಡಿಗೆ ದಾಟಲು ಬಾಗಿಲು. ಎಲ್ಲ ಕೊಠಡಿಗಳನ್ನೂ ಚಿಕ್ಕ ಚಿತ್ರಗಳಾಗಿ ಒಟ್ಟಿಗೆ ತೋರಿಸುವ ನೋಟ. ಇನ್ನೂ ಒಂದು ಏರ್ಪಾಡಿತ್ತು: ಕಿಸೆ. ಯಾವ ಕೊಠಡಿಗೆ ಹೋದರೂ ಜತೆಗೇ ಬರಬೇಕಾದ ವಿಂಡೋಗಳನ್ನು ಅದರಲ್ಲಿ ಇಟ್ಟುಕೊಳ್ಳಬಹುದಿತ್ತು. ಇಂದಿನ ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಇವೆಲ್ಲವೂ ಬೇರೆ ಬೇರೆ ಹೆಸರಿನಲ್ಲಿ ಉಳಿದುಕೊಂಡಿವೆ.

ಜನಸಾಮಾನ್ಯರ ಕೈಗೆ ಬರಲು ಮಾತ್ರ ಬಹಳ ವರ್ಷ ಹಿಡಿಯಿತು. ಯುನಿಕ್ಸ್ ಮತ್ತು ಲಿನಕ್ಸ್ ಬಳಸುವವರು 1990ರ ದಶಕದಲ್ಲೇ ಇದಕ್ಕೆ ಒಗ್ಗಿಕೊಂಡಿದ್ದರು. ಆ್ಯಪಲ್ 2007ರಲ್ಲಿ ‘ಸ್ಪೇಸಸ್’ ಹೆಸರಿನಲ್ಲಿ ಇದನ್ನು ಮ್ಯಾಕ್‌ಗೆ ತಂದು, 2011ರಲ್ಲಿ ‘ಮಿಷನ್ ಕಂಟ್ರೋಲ್’ ಒಳಗೆ ಸೇರಿಸಿತು. ವಿಂಡೋಸ್‌ನಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಬಂದದ್ದು 2015ರ ವಿಂಡೋಸ್ 10ರ ಜತೆ.

ಸಂಗೀತ ಮಾಡುವವರು ಈ ಸೌಲಭ್ಯ ಸಿಕ್ಕಾಗ ಮೊದಲು ಮಾಡುವುದು ಸಾಮಾನ್ಯವಾಗಿ ತಂತ್ರಾಂಶಕ್ಕೊಂದು ಡೆಸ್ಕ್‌ಟಾಪ್ ಕೊಡುವುದು. ಸಂಗೀತದ ತಂತ್ರಾಂಶ ಒಂದರಲ್ಲಿ, ಬ್ರೌಸರ್ ಒಂದರಲ್ಲಿ, ಫೋಲ್ಡರ್‌ಗಳು ಇನ್ನೊಂದರಲ್ಲಿ. ನೋಡಲು ಅಚ್ಚುಕಟ್ಟು, ಕೆಲಸಕ್ಕೆ ಅಷ್ಟೇನೂ ಒದಗುವುದಿಲ್ಲ. ಹೆಂಡರ್ಸನ್ ಮತ್ತು ಕಾರ್ಡ್ ಹೇಳಿದಂತೆ ಹಂಚಬೇಕಾದದ್ದು ಕೆಲಸದ ಪ್ರಕಾರ. ಹಾಡು ಕಟ್ಟುವ ಹಂತದಲ್ಲಿ ಸಾಹಿತ್ಯದ ಕಡತ, ಸ್ಯಾಂಪಲ್ ಫೋಲ್ಡರ್, ಟ್ರ್ಯಾಕ್‌ಗಳ ವಿಂಡೋ ಮೂರೂ ಒಟ್ಟಿಗೆ ಬೇಕು. ಸಾಹಿತ್ಯದ ಸಾಲು ನೋಡುತ್ತಲೇ ರಾಗದ ಎಳೆ ಹಿಡಿಯಬೇಕಾಗುತ್ತದೆ. ಮಿಕ್ಸಿಂಗ್ ಹಂತದಲ್ಲಿ ಸಾಹಿತ್ಯ ಬೇಕಿಲ್ಲ. ಆದರೆ ಹೋಲಿಕೆಯ ಹಾಡು, ಸದ್ದಿನ ಮಟ್ಟ ತೋರಿಸುವ ಮೀಟರ್, ನಿರ್ದೇಶಕರು ಕಳಿಸಿದ ತಿದ್ದುಪಡಿಗಳ ಪಟ್ಟಿ ಬೇಕು. ಮೇಲ್, ಸಂದೇಶ, ಬಿಲ್ಲು, ಕಡತ ಕಳಿಸುವ ಕೆಲಸಗಳಿಗೆ ಬೇರೊಂದು ಡೆಸ್ಕ್‌ಟಾಪ್, ಅದೂ ಕೊನೆಯಲ್ಲಿ. ಹೀಗೆ ಮೂರು ಸಾಕು. ಏಳೆಂಟು ಮಾಡಿಕೊಂಡರೆ ಯಾವುದು ಎಲ್ಲಿದೆ ಎಂದು ಹುಡುಕುವುದೇ ಹೊಸ ಕೆಲಸವಾಗುತ್ತದೆ. ವಿಂಡೋಸ್ 11ರಲ್ಲಿ ಮತ್ತು ಮ್ಯಾಕ್‌ನಲ್ಲಿ ಪ್ರತಿ ಡೆಸ್ಕ್‌ಟಾಪಿಗೂ ಬೇರೆ ಹಿನ್ನೆಲೆ ಚಿತ್ರ ಹಾಕಬಹುದು. ಸಣ್ಣ ವಿಷಯವೆನಿಸಿದರೂ ಎಲ್ಲಿದ್ದೇವೆ ಎಂಬುದು ಬಣ್ಣದಿಂದಲೇ ತಿಳಿಯುವುದು ದೊಡ್ಡ ಅನುಕೂಲ.

ಇದರಿಂದ ಸಿಗುವ ನಿಜವಾದ ಲಾಭ ಕಿವಿಗೆ. ಕೊಳಲಿನ ಉಸಿರು ಎಲ್ಲಿ ಹೆಚ್ಚಾಯಿತು, ತಬಲಾದ ಬಾಯಾ ಗಾಯನವನ್ನು ಎಲ್ಲಿ ಮುಚ್ಚುತ್ತಿದೆ ಎಂದು ಕೇಳುವುದು ಏಕಾಗ್ರತೆಯ ಕೆಲಸ. ಅದರ ನಡುವೆ ಪರದೆಯ ಅಂಚಿನಲ್ಲಿ ಸಂದೇಶವೊಂದು ಮಿನುಗಿದರೆ ಗಮನ ಅತ್ತ ಜಾರುತ್ತದೆ. ಅದನ್ನು ಮತ್ತೆ ಹಾಡಿನೊಳಕ್ಕೆ ಎಳೆದು ತರುವಷ್ಟರಲ್ಲಿ ಕಿವಿ ಹಿಡಿದಿದ್ದ ಸೂಕ್ಷ್ಮ ಕೈತಪ್ಪಿರುತ್ತದೆ. ಹಾಗಾಗಿ ಡೆಸ್ಕ್‌ಟಾಪ್ ಬೇರ್ಪಡಿಸಿದರಷ್ಟೇ ಸಾಲದು, ಕೆಲಸದ ಹೊತ್ತಿನಲ್ಲಿ ನೋಟಿಫಿಕೇಶನ್‌ಗಳನ್ನೂ ಆರಿಸಬೇಕು. ಅವು ಯಾವ ಡೆಸ್ಕ್‌ಟಾಪಿನಲ್ಲಿದ್ದರೂ ಬಂದೇ ಬರುತ್ತವೆ.

ಇಲ್ಲೊಂದು ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ಸಂಗೀತದ ತಂತ್ರಾಂಶಗಳು ತಮ್ಮೊಳಗಿನ ವಿಂಡೋಗಳನ್ನು ಜೋಡಿಸಲು ತಮ್ಮದೇ ವ್ಯವಸ್ಥೆ ಇಟ್ಟುಕೊಂಡಿವೆ. ಲಾಜಿಕ್ ಪ್ರೊದಲ್ಲಿ ಅದು ಸ್ಕ್ರೀನ್‌ಸೆಟ್: ವಿಂಡೋಗಳನ್ನು ಬೇಕಾದಂತೆ ಜೋಡಿಸಿಟ್ಟರೆ 1ರಿಂದ 9ರವರೆಗಿನ ಅಂಕಿಗಳಲ್ಲಿ ಒಂದನ್ನು ಒತ್ತಿದಾಗ ಅದೇ ಜೋಡಣೆ ಮರಳುತ್ತದೆ, ಅಕಸ್ಮಾತ್ ಬದಲಾಗದಂತೆ ಬೀಗವನ್ನೂ ಹಾಕಬಹುದು. ರೀಪರ್‌ನಲ್ಲೂ ಸ್ಕ್ರೀನ್‌ಸೆಟ್ ಇದೆ, ಕ್ಯೂಬೇಸ್‌ನಲ್ಲಿ ವರ್ಕ್‌ಸ್ಪೇಸ್, ಪ್ರೊ ಟೂಲ್ಸ್‌ನಲ್ಲಿ ವಿಂಡೋ ಕಾನ್ಫಿಗರೇಶನ್. ಏಬಲ್‌ಟನ್ ಲೈವ್‌ನಲ್ಲಿ ಟ್ಯಾಬ್ ಒತ್ತಿದರೆ ಸೆಷನ್ ಮತ್ತು ಅರೇಂಜ್‌ಮೆಂಟ್ ನೋಟಗಳು ಅದಲುಬದಲಾಗುತ್ತವೆ. ಎಫ್‌ಎಲ್ ಸ್ಟುಡಿಯೊದಲ್ಲಿ ಎಫ್5 ಒತ್ತಿದರೆ ಪ್ಲೇಲಿಸ್ಟ್, ಎಫ್7 ಒತ್ತಿದರೆ ಪಿಯಾನೊ ರೋಲ್, ಎಫ್9 ಒತ್ತಿದರೆ ಮಿಕ್ಸರ್. ಮಿಕ್ಸರ್‌ಗೂ ಪಿಯಾನೊ ರೋಲ್‌ಗೂ ನಡುವೆ ಓಡಾಡಲು ಇವೇ ಸರಿಯಾದ ದಾರಿ. ಈ ಕೆಲಸಕ್ಕೆ ವರ್ಚುವಲ್ ಡೆಸ್ಕ್‌ಟಾಪ್ ಬಳಸಲು ಹೋದರೆ ತೊಡಕೇ ಹೆಚ್ಚು. ಹಲವು ತಂತ್ರಾಂಶಗಳಲ್ಲಿ ಪ್ಲಗಿನ್ ವಿಂಡೋಗಳು ಮುಖ್ಯ ವಿಂಡೋಗೆ ಅಂಟಿಕೊಂಡಿರುತ್ತವೆ. ಮುಖ್ಯ ವಿಂಡೋ ಎಲ್ಲಿಗೆ ಹೋದರೆ ಅವೂ ಅಲ್ಲಿಗೇ ಹೋಗುತ್ತವೆ. ತಂತ್ರಾಂಶದ ಒಳಗಿನ ಜೋಡಣೆಗೆ ಸ್ಕ್ರೀನ್‌ಸೆಟ್, ಹೊರಗಿನ ತಂತ್ರಾಂಶಗಳನ್ನು ಬೇರ್ಪಡಿಸಲು ವರ್ಚುವಲ್ ಡೆಸ್ಕ್‌ಟಾಪ್ ಎಂದು ಇಟ್ಟುಕೊಂಡರೆ ಎರಡೂ ಚೆನ್ನಾಗಿ ಹೊಂದಿಕೊಂಡು ಹೋಗುತ್ತವೆ.

ಡೆಸ್ಕ್‌ಟಾಪ್ ಹೆಚ್ಚಿಸಿದರೆ ಕಂಪ್ಯೂಟರ್ ಹಗುರಾಗುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಅದು ನಿಜವಲ್ಲ. ಕಣ್ಣಿಗೆ ಕಾಣದ ಡೆಸ್ಕ್‌ಟಾಪಿನಲ್ಲಿರುವ ತಂತ್ರಾಂಶವೂ ಓಡುತ್ತಲೇ ಇರುತ್ತದೆ, ಮೆಮೊರಿ ತಿನ್ನುತ್ತಲೇ ಇರುತ್ತದೆ. ಸಂಗೀತಕ್ಕೆ ಇದು ಅನುಕೂಲವೂ ಹೌದು: ಬೇರೆ ಡೆಸ್ಕ್‌ಟಾಪಿಗೆ ಹೋದರೂ ಹಾಡು ನಿಲ್ಲುವುದಿಲ್ಲ. ಆದರೆ ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ತೆರೆದಿಟ್ಟು ಅದನ್ನು ಪಕ್ಕದ ಡೆಸ್ಕ್‌ಟಾಪಿಗೆ ಸರಿಸಿದರೆ ಪ್ಲಗಿನ್‌ಗಳಿಗೆ ಹೆಚ್ಚು ಬಲ ಸಿಗುವುದಿಲ್ಲ. ಆ ಟ್ಯಾಬ್‌ಗಳನ್ನು ಮುಚ್ಚಲೇಬೇಕು.

ರೆಕಾರ್ಡಿಂಗ್ ನಡೆಯುವಾಗ ಇನ್ನೂ ಎಚ್ಚರ ಬೇಕು. ಗಾಯಕರು ತಮ್ಮ ದನಿಯನ್ನು ಹೆಡ್‌ಫೋನಿನಲ್ಲಿ ತಡವಿಲ್ಲದೆ ಕೇಳಬೇಕಾದರೆ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಸಂಸ್ಕರಿಸುವ ಸದ್ದಿನ ತುಣುಕು, ಚಿಕ್ಕದಿರಬೇಕು. ಸೆಕೆಂಡಿಗೆ 44,100 ಸ್ಯಾಂಪಲ್ ತೆಗೆದುಕೊಳ್ಳುವ ರೆಕಾರ್ಡಿಂಗ್‌ನಲ್ಲಿ 128 ಸ್ಯಾಂಪಲ್‌ಗಳ ಬಫರ್ ಎಂದರೆ ಸುಮಾರು 2.9 ಮಿಲಿಸೆಕೆಂಡ್, 1024 ಎಂದರೆ ಸುಮಾರು 23. ಚಿಕ್ಕ ಬಫರ್ ಇಟ್ಟಾಗ ಪ್ರೊಸೆಸರ್ ಪ್ರತಿ 2.9 ಮಿಲಿಸೆಕೆಂಡಿನೊಳಗೆ ತನ್ನ ಪಾಲಿನ ಲೆಕ್ಕ ಮುಗಿಸಲೇಬೇಕು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅದೇ ಕ್ಷಣಕ್ಕೆ ಡೆಸ್ಕ್‌ಟಾಪ್ ಬದಲಿಸಿದರೆ, ಪರದೆ ಜಾರುವ ಅನಿಮೇಶನ್ನಿನ ಹೊರೆಯೂ ಸೇರಿ ಸದ್ದಿನಲ್ಲಿ ಚಟ್ ಎಂಬ ಶಬ್ದ ನುಸುಳಬಹುದು. ಸೆಟಿಂಗ್ಸ್‌ನಲ್ಲಿ ಅನಿಮೇಶನ್ ಕಡಿಮೆ ಮಾಡುವ ಆಯ್ಕೆ ವಿಂಡೋಸ್, ಮ್ಯಾಕ್ ಎರಡರಲ್ಲೂ ಇದೆ. ಗಾಯಕರು ಮೈಕ್ ಮುಂದಿರುವಷ್ಟು ಹೊತ್ತು ಡೆಸ್ಕ್‌ಟಾಪ್ ಬದಲಿಸದಿರುವುದು ಅದಕ್ಕಿಂತ ಒಳ್ಳೆಯದು.

ಹೋಲಿಕೆಯ ಹಾಡನ್ನು ಬ್ರೌಸರ್‌ನಲ್ಲಿ ಕೇಳಲು ಹೋದಾಗ ಸದ್ದೇ ಬರದಿರುವುದು ವಿಂಡೋಸ್ ಬಳಸುವವರ ಸಾಮಾನ್ಯ ದೂರು. ಕಾರಣ ಡೆಸ್ಕ್‌ಟಾಪ್ ಅಲ್ಲ, ಸಂಗೀತದ ತಂತ್ರಾಂಶವನ್ನು ಆಡಿಯೊ ಇಂಟರ್‌ಫೇಸ್‌ಗೆ (ಮೈಕ್, ಹೆಡ್‌ಫೋನ್ ಸಿಗಿಸುವ ಪೆಟ್ಟಿಗೆಗೆ) ನೇರವಾಗಿ ಜೋಡಿಸುವ ಎಎಸ್‌ಐಒ ಡ್ರೈವರ್. ಕೆಲವು ಇಂಟರ್‌ಫೇಸ್‌ಗಳಲ್ಲಿ ಸಂಗೀತದ ತಂತ್ರಾಂಶ ಅದನ್ನು ಹಿಡಿದುಕೊಂಡರೆ ಬೇರೆ ಯಾವುದಕ್ಕೂ ಸದ್ದು ಬಿಟ್ಟುಕೊಡುವುದಿಲ್ಲ. ಇದಕ್ಕೆಂದೇ, ತಂತ್ರಾಂಶ ಹಿನ್ನೆಲೆಗೆ ಸರಿದಾಗ ಡ್ರೈವರನ್ನು ಬಿಟ್ಟುಕೊಡುವ ಆಯ್ಕೆ ಕ್ಯೂಬೇಸ್‌ನಲ್ಲಿದೆ. ಅಂಥದ್ದೇ ಒಂದು ರೀಪರ್‌ನಲ್ಲೂ ಇದೆ. ಹೋಲಿಕೆಯ ಹಾಡು ಕಡತದ ರೂಪದಲ್ಲಿ ಸಿಕ್ಕರೆ ಅದನ್ನು ಪ್ರಾಜೆಕ್ಟ್‌ನ ಒಂದು ಟ್ರ್ಯಾಕ್‌ಗೇ ಹಾಕಿಕೊಳ್ಳುವುದು ಎಲ್ಲಕ್ಕಿಂತ ವಾಸಿ. ಎರಡರ ಸದ್ದಿನ ಮಟ್ಟವನ್ನು ಸಮ ಮಾಡಿ ಹೋಲಿಸಲು ಅಲ್ಲಿ ಸಾಧ್ಯ.

ಕೀಬೋರ್ಡಿನ ಜಗಳವೂ ಒಂದಿದೆ. ಮ್ಯಾಕ್‌ನ ಡೆಸ್ಕ್‌ಟಾಪ್ ಶಾರ್ಟ್‌ಕಟ್‌ಗಳನ್ನು ಸಿಸ್ಟಮ್ ಮೊದಲೇ ಹಿಡಿದುಬಿಡುವುದರಿಂದ ಅವು ಸಂಗೀತದ ತಂತ್ರಾಂಶವನ್ನು ತಲುಪುವುದೇ ಇಲ್ಲ. ಪ್ರೊ ಟೂಲ್ಸ್‌ನಲ್ಲಿ ಕಮಾಂಡ್ ಮತ್ತು ಸ್ಪೇಸ್‌ಬಾರ್ ಒತ್ತಿದರೆ ರೆಕಾರ್ಡಿಂಗ್ ಶುರುವಾಗಬೇಕು. ಮ್ಯಾಕ್‌ನಲ್ಲಿ ಅದೇ ಜೋಡಿಗೆ ಸ್ಪಾಟ್‌ಲೈಟ್ ಹುಡುಕಾಟ ತೆರೆದುಕೊಳ್ಳುತ್ತದೆ. ಸಿಸ್ಟಮ್ ಸೆಟಿಂಗ್ಸ್‌ಗೆ ಹೋಗಿ ಇಂಥವುಗಳನ್ನು ಆಫ್ ಮಾಡುವುದೋ ಬದಲಿಸುವುದೋ ಮೊದಲ ದಿನವೇ ಮಾಡಬೇಕಾದ ಕೆಲಸ. ಅಲ್ಲೇ ಇನ್ನೊಂದು ಆಯ್ಕೆಯನ್ನೂ ಗಮನಿಸಬೇಕು: ಇತ್ತೀಚೆಗೆ ಬಳಸಿದ್ದರ ಪ್ರಕಾರ ಡೆಸ್ಕ್‌ಟಾಪ್‌ಗಳ ಕ್ರಮವನ್ನು ಮ್ಯಾಕ್ ತಾನಾಗಿಯೇ ಬದಲಿಸುತ್ತಿರುತ್ತದೆ. ಅದನ್ನು ಆಫ್ ಮಾಡದಿದ್ದರೆ ಎಡಕ್ಕಿದ್ದ ಮಿಕ್ಸಿಂಗ್ ಡೆಸ್ಕ್‌ಟಾಪ್ ಮುಂದಿನ ಸಲ ಬಲಕ್ಕೆ ಸಿಗುತ್ತದೆ. ಕೈ ನೋಡದೆಯೇ ದಾರಿ ಹಿಡಿಯಬೇಕಾದರೆ ಕ್ರಮ ಸ್ಥಿರವಾಗಿರಬೇಕು.

ಮುಂದೊಂದು ದಿನ ಎರಡನೆಯ ಮಾನಿಟರ್ ಕೊಂಡರೂ ವರ್ಚುವಲ್ ಡೆಸ್ಕ್‌ಟಾಪ್ ಬಿಡಬೇಕಾಗಿಲ್ಲ. ಅದರ ಬಳಕೆ ಸ್ವಲ್ಪ ಬದಲಾಗುತ್ತದೆ ಅಷ್ಟೆ. ಮ್ಯಾಕ್‌ನಲ್ಲಿ ಒಂದೊಂದು ಮಾನಿಟರಿಗೂ ಪ್ರತ್ಯೇಕ ಡೆಸ್ಕ್‌ಟಾಪ್‌ಗಳನ್ನು ಕೊಡುವ ಸೆಟಿಂಗ್ ಇದೆ. ಅದರಿಂದ ಒಂದರ ಮೇಲೆ ಮಿಕ್ಸರ್ ಅಲುಗಾಡದೆ ನಿಂತಿರುವಾಗ ಇನ್ನೊಂದರಲ್ಲಿ ಸಾಹಿತ್ಯ, ಬ್ರೌಸರ್, ಫೋಲ್ಡರ್ ಎಂದು ಓಡಾಡಬಹುದು. ವಿಂಡೋಸ್‌ನಲ್ಲಿ ಎಲ್ಲ ಮಾನಿಟರ್‌ಗಳೂ ಒಟ್ಟಿಗೇ ಬದಲಾಗುತ್ತವೆ. ಅಲ್ಲಿ ಮಿಕ್ಸರನ್ನು ಪ್ರತ್ಯೇಕ ವಿಂಡೋ ಆಗಿ ತೆರೆಯಲು ತಂತ್ರಾಂಶ ಬಿಡುವುದಾದರೆ, ಎಲ್ಲ ಡೆಸ್ಕ್‌ಟಾಪ್‌ಗಳನ್ನೂ ಒಟ್ಟಿಗೆ ತೋರಿಸುವ ಟಾಸ್ಕ್ ವ್ಯೂ ತೆರೆದು ಆ ವಿಂಡೋ ಮೇಲೆ ರೈಟ್ ಕ್ಲಿಕ್ ಮಾಡಿ, ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ತೋರಿಸುವ ಆಯ್ಕೆ ಒತ್ತಿ ನೋಡಬಹುದು. ಆಗ ಸಾಹಿತ್ಯದ ಡೆಸ್ಕ್‌ಟಾಪಿಗೆ ಹೋದರೂ ಗಾಯನದ ಫೇಡರ್ ಕೈಗೆಟುಕುವಲ್ಲೇ ಇರುತ್ತದೆ.