ಮುಟ್ಟು ನಿಂತ ಮೇಲೆ ಬಿಪಿ ಏರ್ತಿದೆಯಾ? ಹಿತ್ತಲ ಹಣ್ಣು ತಿನ್ನಿ, ಮಿಡಿ ಭರಣಿ ಸ್ವಲ್ಪ ದೂರ ಇಡಿ

ಸಾಗರ: ಊಟಕ್ಕೆ ಕೂತರೆ ಬಾಳೆಎಲೆ ತುದಿಗೆ ಮೊದಲು ಬೀಳೋದು ಉಪ್ಪು, ಅದರ ಪಕ್ಕ ಮಿಡಿ ಉಪ್ಪಿನಕಾಯಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇದನ್ನು ಯಾರೂ ಪ್ರಶ್ನೆ ಮಾಡಲ್ಲ. ಆದರೆ ಐವತ್ತರ ಆಸುಪಾಸಿನ ಹೆಂಗಸರು ಸ್ವಲ್ಪ ಯೋಚನೆ ಮಾಡಬೇಕಾದ್ದು ಎಲೆಯ ಈ ತುದಿಯ ಬಗ್ಗೆಯೇ. ಬಿಪಿಗೆ ಹಣ್ಣು ಒಳ್ಳೇದು ಅನ್ನೋ ಮಾತು ನಿಜ. ಆದರೆ ಅದೇ ಮರದ ಫಲ ಉಪ್ಪಿನ ಭರಣಿಗೆ ಇಳಿದರೆ ಲೆಕ್ಕ ತಿರುಗುಮುರುಗಾಗುತ್ತೆ.

ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ 46–47ನೇ ವಯಸ್ಸಿನ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಅಲ್ಲಿಯವರೆಗೆ ರಕ್ತನಾಳಗಳನ್ನು ಮೆತ್ತಗೆ, ಹಿಗ್ಗುವಂತೆ ಇಡಲು ಈಸ್ಟ್ರೋಜೆನ್ ಹಾರ್ಮೋನ್ ನೆರವಾಗುತ್ತಿರುತ್ತದೆ. ಅದು ಇಳಿದಾಗ ನಾಳಗಳು ಬಿಗಿಯಾಗುತ್ತಾ ಹೋಗುತ್ತವೆ, ಹೊಟ್ಟೆಯ ಸುತ್ತ ಬೊಜ್ಜು ಸೇರುತ್ತದೆ. ಇನ್ನೂ ಮುಖ್ಯ ಸಂಗತಿ, ದೇಹ ಉಪ್ಪಿಗೆ ಮೊದಲಿಗಿಂತ ಜಾಸ್ತಿ ಸ್ಪಂದಿಸಲು ಶುರು ಮಾಡುತ್ತದೆ. ಮೂವತ್ತರಲ್ಲಿ ತಿಂದಷ್ಟೇ ಉಪ್ಪು ತಿಂದರೂ ಐವತ್ತೆರಡರಲ್ಲಿ ಬಿಪಿ ಏರಬಹುದು. 'ನಾನು ಏನೂ ಬದಲಾಯಿಸಿಲ್ಲ, ಆದ್ರೂ ಯಾಕೆ ಬಂತು?' ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಇನ್ನೊಂದು ಗೊಂದಲವೂ ಇದೆ. ಮೈ ಬಿಸಿಯೇರಿ ಬೆವರುವುದು, ರಾತ್ರಿ ನಿದ್ದೆ ಬಾರದಿರುವುದು, ಎದೆ ಹೊಡ್ಕೊಳ್ಳೋದು ಇವೆಲ್ಲ ಮುಟ್ಟು ನಿಲ್ಲುವ ಕಾಲದ ತೊಂದರೆಗಳು. ಬಿಪಿ ಹಾಗಲ್ಲ, ಬಹುತೇಕರಲ್ಲಿ ಅದು ಯಾವ ಸೂಚನೆಯನ್ನೂ ಕೊಡಲ್ಲ. ಅಡಿಕೆ ಸುಲಿಯೋ ಹಂಗಾಮಿನಲ್ಲಿ ರಾತ್ರಿ ನಿದ್ದೆಗೆಟ್ಟು ಕೂತವರು ತಲೆನೋವು ಬಂದರೆ ಆಯಾಸ ಅಂತ ಸುಮ್ಮನಾಗುತ್ತಾರೆ. ಅಳೆದು ನೋಡದೆ ಗೊತ್ತಾಗುವ ವಿಷಯ ಇದಲ್ಲ.

ಹಣ್ಣು ಮಾಡುವ ಕೆಲಸ ಏನು?

ಉಪ್ಪಿನಲ್ಲಿರೋದು ಸೋಡಿಯಂ, ಹಣ್ಣಿನಲ್ಲಿ ಹೆಚ್ಚಾಗಿರೋದು ಪೊಟ್ಯಾಸಿಯಂ. ಪೊಟ್ಯಾಸಿಯಂ ಸಾಕಷ್ಟು ಸಿಕ್ಕಾಗ ಕಿಡ್ನಿ ಹೆಚ್ಚುವರಿ ಸೋಡಿಯಂ ಅನ್ನು ಮೂತ್ರದ ಮೂಲಕ ಹೊರಹಾಕುತ್ತದೆ, ರಕ್ತನಾಳದ ಬಿಗಿಯೂ ಸಡಿಲವಾಗುತ್ತದೆ. ಅಮೆರಿಕದ 'ಡ್ಯಾಶ್' ಅಧ್ಯಯನದ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಅದರಲ್ಲಿ ಎಂಟು ವಾರ ಹಣ್ಣು, ತರಕಾರಿ ಜಾಸ್ತಿ ತಿಂದವರ ಮೇಲಿನ ಬಿಪಿ ಮಾಮೂಲಿ ಊಟದವರಿಗಿಂತ ಸರಾಸರಿ 2.8 ಅಂಕ ಇಳಿದಿತ್ತು. ಜೊತೆಗೆ ಕೊಬ್ಬು ಕಡಿಮೆ ಮಾಡಿ, ಕೆನೆ ತೆಗೆದ ಹಾಲು-ಮೊಸರು ಸೇರಿಸಿದ ಗುಂಪಿನಲ್ಲಿ 5.5 ಅಂಕ, ಆ ಗುಂಪಿನಲ್ಲಿ ಮೊದಲೇ ಬಿಪಿ ಇದ್ದವರಿಗೆ 11.4 ಅಂಕ. ಗಂಡಸರು, ಹೆಂಗಸರು ಇಬ್ಬರೂ ಇದ್ದ ಅಧ್ಯಯನ ಅದು. ಅಂದರೆ ಹಣ್ಣು ಒಂದೇ ಪವಾಡ ಮಾಡಲ್ಲ. ಇಡೀ ಊಟ ಬದಲಾದಾಗ ಫಲ ದೊಡ್ಡದು.

ಇದಕ್ಕೆ ಪೇಟೆಗೆ ಹೋಗಿ ಕಿವಿ, ಆ್ಯಪಲ್ ತರಬೇಕಾಗಿಲ್ಲ. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 350 ಮಿಲಿಗ್ರಾಂ ಪೊಟ್ಯಾಸಿಯಂ ಇದ್ದರೆ, ಪೇರಲೆ ಮತ್ತು ಹಲಸಿನ ಹಣ್ಣಿನಲ್ಲಿ 400ಕ್ಕೂ ಹೆಚ್ಚು. ತೋಟದ ಅಡಿಕೆ ಮರಗಳ ಮಧ್ಯೆ ಬೆಳೆಯುವ ಪುಟ್ಟಬಾಳೆ, ಹಿತ್ತಲ ಪೇರಲೆ, ಪಪ್ಪಾಯಿ, ಮಳೆಗಾಲದ ಮೊದಲು ಕೊಳೆತು ಬೀಳುವ ಬಕ್ಕೆ ಹಲಸು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 100 ಗ್ರಾಂ ಹಣ್ಣು, 400 ಗ್ರಾಂ ತರಕಾರಿ ಹೇಳಿದೆ. ಹಣ್ಣಿಗಿಂತ ತರಕಾರಿ ಪಾಲು ನಾಲ್ಕು ಪಟ್ಟು ಅನ್ನೋದನ್ನು ಗಮನಿಸಬೇಕು. ಶುಗರ್ ಕೂಡ ಇದ್ದವರು ಹಲಸು ಸಿಕ್ಕಿತು ಅಂತ ಬುಟ್ಟಿ ಮುಂದೆ ಕೂರಬಾರದು. ಎರಡು-ಮೂರು ತೊಳೆ ಸಾಕು. ಜ್ಯೂಸ್ ಬೇಡ. ಸಕ್ಕರೆ ಪಾಕದ ಮುರುಗಲು ಶರಬತ್ತನ್ನು ಹಣ್ಣಿನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ.

ಭರಣಿಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದಷ್ಟು. ಸಾರು, ಪಲ್ಯ, ಮಜ್ಜಿಗೆ, ಅಪ್ಪೆಹುಳಿ, ಹಪ್ಪಳ ಎಲ್ಲ ಸೇರಿ ಅಷ್ಟೇ. ಬೇಸಿಗೆ ಶುರುವಾದರೆ ರಿಪ್ಪನ್‌ಪೇಟೆ ಕಡೆಯಿಂದ ಮಿಡಿ ತಂದು ಕಲ್ಲುಪ್ಪಿನಲ್ಲಿ ಹಾಕುತ್ತಾರೆ. ಮಿಡಿ ನೀರು ಬಿಟ್ಟು ಸುಕ್ಕುಗಟ್ಟೋದೇ ಉಪ್ಪು ಒಳಗೆ ಇಳಿದಿದೆ ಅನ್ನೋದಕ್ಕೆ ಗುರುತು. ಉಪ್ಪು ಕಡಿಮೆಯಾದರೆ ಕೆಡುತ್ತೆ, ಹಾಗಾಗಿ ರೆಸಿಪಿ ತಿದ್ದೋಕೆ ಆಗಲ್ಲ. ತಿನ್ನೋದನ್ನು ಮಾತ್ರ ಕಡಿಮೆ ಮಾಡಬಹುದು: ದಿನಾ ಎರಡು ಹೊತ್ತು ಇಡೀ ಮಿಡಿ ಬದಲು ವಾರಕ್ಕೆ ಒಂದೆರಡು ಸಲ ಒಂದು ತುಂಡು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ಮಳೆಗಾಲದಲ್ಲಿ ತೆಗೆದಾಗ ಚೆನ್ನಾಗಿ ನೆನೆಸಿ, ನೀರು ಚೆಲ್ಲಿ, ಪಲ್ಯಕ್ಕೆ ಮತ್ತೆ ಉಪ್ಪು ಹಾಕದೆ ಮಾಡಬಹುದು. ಎಲೆ ತುದಿಯ ಉಪ್ಪು ಬಿಟ್ಟರೆ ಯಾರೂ ಕೇಳಲ್ಲ.

ಎಲ್ಲರಿಗೂ ಅಲ್ಲ

ಕಿಡ್ನಿ ತೊಂದರೆ ಇದ್ದವರಿಗೆ ಪೊಟ್ಯಾಸಿಯಂ ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತವೇ ತಪ್ಪಬಹುದು. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಗುಳಿಗೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಅವನ್ನು ತಗೊಳ್ಳುವವರು ಬಾಳೆಹಣ್ಣು ಬಿಡಬೇಕಂತಿಲ್ಲ. ವೈದ್ಯರು ಹೇಳಿದಾಗ ರಕ್ತಪರೀಕ್ಷೆ ತಪ್ಪಿಸಬಾರದು ಅಷ್ಟೆ. 'ಕಡಿಮೆ ಸೋಡಿಯಂ' ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ, ಕೇಳದೆ ತರಬೇಡಿ. ಬಿಂಬುಳಿ ರಸ ಕುಡಿದು ಕಿಡ್ನಿ ಕೆಟ್ಟ ಪ್ರಕರಣಗಳು ಕೇರಳದಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಕಿಡ್ನಿ ರೋಗಿಗಳಿಗೆ ಕಮರಾಕ್ಷಿಯೂ ಅಪಾಯ. ಚಕ್ಕೋತ ದಿನಾ ತಿನ್ನುವವರು ಗುಳಿಗೆ ಬರೆಸಿಕೊಳ್ಳುವಾಗ ಹೇಳಲೇಬೇಕು, ಅದೇ ಜಾತಿಯ ಗ್ರೇಪ್‌ಫ್ರೂಟ್ ಕೆಲವು ಬಿಪಿ ಗುಳಿಗೆಗಳ ಪರಿಣಾಮ ಹೆಚ್ಚಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಆಗೋದು 'ಹಣ್ಣು ತಿಂತಿದೀನಲ್ಲ, ಗುಳಿಗೆ ಯಾಕೆ' ಅಂತ ನಿಲ್ಲಿಸಿದಾಗ. ಬಿಪಿ ನಾರ್ಮಲ್ ಬಂದಿದ್ದು ಗುಳಿಗೆಯಿಂದಲೇ ಇರಬಹುದು. ಬಿಟ್ಟರೆ ಮತ್ತೆ ಏರುತ್ತದೆ, ಲಕ್ವ ಹೊಡೆದ ಮೇಲೆ ಗೊತ್ತಾಗುತ್ತದೆ. ಡೋಸ್ ಇಳಿಸೋ ತೀರ್ಮಾನ ವೈದ್ಯರದ್ದು.

ಮೂರೂ ತಾಲೂಕುಗಳ ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ನೋಡಿಸಬಹುದು. 140/90 ಅಥವಾ ಮೇಲೆ ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಿ, 180/120 ದಾಟಿ ಎದೆನೋವು, ಮಾತು ತೊದಲು ಇದ್ದರೆ ತಡ ಮಾಡದೆ 108ಕ್ಕೆ ಕರೆ ಮಾಡಿ. ಅಳತೆಗೆ ಮೊದಲು ಅರ್ಧ ಗಂಟೆ ಕಾಫಿ, ಕವಳ ಬೇಡ. ಬಸ್ ಇಳಿದು ಏರು ಹತ್ತಿ ಬಂದಿದ್ದರೆ ಐದು ನಿಮಿಷ ಮಾತಾಡದೆ ಕೂತು, ಆಮೇಲೆ ಕೈ ಕೊಡಿ.