ಒಂದು ಯೂನಿಟ್ ಕರೆಂಟಿನ ಹಿಂದಿನ ಲೆಕ್ಕ

ನಿಮ್ಮ ಹೊಲದ ಐದು ಅಶ್ವಶಕ್ತಿಯ ಪಂಪು ಒಂದು ಗಂಟೆ ಓಡಿದರೆ ಸುಮಾರು ನಾಲ್ಕು ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಅದು ಶಾಖೋತ್ಪನ್ನ ಕೇಂದ್ರದಿಂದ ಬಂದದ್ದಾದರೆ, ಅದಕ್ಕಾಗಿ ಎರಡೂವರೆ ಕಿಲೋಗೂ ಹೆಚ್ಚು ಕಲ್ಲಿದ್ದಲು ಉರಿದಿರುತ್ತದೆ. ಒಂದು ಕಿಲೋದಷ್ಟು ಬೂದಿ ಉಳಿದಿರುತ್ತದೆ. ಬಿಲ್ಲಿನಲ್ಲಿ ಕಾಣದ ಈ ಲೆಕ್ಕವನ್ನು ಇಂದು ನೋಡೋಣ.

ರಾಯಚೂರಿನ ಶಕ್ತಿನಗರ ನಮಗೆ ದೂರದ್ದಲ್ಲ. ಕೃಷ್ಣೆಯ ಈಚೆ ದಡ ಕರ್ನಾಟಕ, ಆಚೆ ದಡ ತೆಲಂಗಾಣ. ಅಲ್ಲಿ 1985ರಲ್ಲಿ ಮೊದಲ ಘಟಕ ಶುರುವಾಯಿತು. ಮುಂದೆ ಎಂಟು ಘಟಕಗಳಾಗಿ, ಒಟ್ಟು ಸಾಮರ್ಥ್ಯ 1,720 ಮೆಗಾವಾಟ್ ಆಯಿತು.

ಕೆಲಸದ ಕ್ರಮ ಸರಳ. ಕಲ್ಲಿದ್ದಲನ್ನು ಹಿಟ್ಟಿನಂತೆ ನುಣ್ಣಗೆ ಪುಡಿಮಾಡಿ ಉರಿಸುತ್ತಾರೆ. ಬಾಯ್ಲರಿನ ನೀರು ಹಬೆಯಾಗುತ್ತದೆ. ಹಬೆ ಟರ್ಬೈನನ್ನು ತಿರುಗಿಸುತ್ತದೆ, ಅದಕ್ಕೆ ಜೋಡಿಸಿದ ಜನರೇಟರು ವಿದ್ಯುತ್ ಕೊಡುತ್ತದೆ. ಆದರೆ ಉರಿಸಿದ ಶಾಖದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಮಿಕ್ಕದ್ದು ಚಿಮಣಿಯಿಂದಲೂ ತಂಪುಗೋಪುರದಿಂದಲೂ ಗಾಳಿಪಾಲು.

ಮೊದಲ ತೊಡಕು ಕಲ್ಲಿದ್ದಲಿನದು. ತೆಲುಗಿನಲ್ಲಿ ಬೊಗ್ಗು ಎನ್ನುವ ಇದು ರಾಯಚೂರಿನ ನೆಲದಲ್ಲಿಲ್ಲ. ಸಿಂಗರೇಣಿಯಿಂದ, ಒಡಿಶಾದ ತಾಲ್ಚೇರಿನಿಂದ ರೈಲಿನಲ್ಲಿ ಬರಬೇಕು. 210 ಮೆಗಾವಾಟಿನ ಒಂದೇ ಘಟಕ ಹಗಲಿರುಳು ಪೂರ್ತಿ ಓಡಿದರೆ ದಿನಕ್ಕೆ ಒಂದು ಗೂಡ್ಸ್ ರೈಲಿನಷ್ಟು ಕಲ್ಲಿದ್ದಲನ್ನು ನುಂಗುತ್ತದೆ. ಗಣಿಯಲ್ಲಿ ಮಳೆ ಹಿಡಿದರೆ, ವ್ಯಾಗನ್ ತಡವಾದರೆ, ಇಲ್ಲಿ ದೀಪ ಆರುತ್ತದೆ. 2021ರ ಅಕ್ಟೋಬರಿನಲ್ಲಿ ದೇಶದ ಅನೇಕ ಕೇಂದ್ರಗಳಲ್ಲಿ ನಾಲ್ಕಾರು ದಿನಗಳ ದಾಸ್ತಾನು ಮಾತ್ರ ಉಳಿದಿತ್ತು.

ಎರಡನೆಯದು ನೀರು. ಹಳೆಯ ಕೇಂದ್ರಗಳು ಒಂದು ಯೂನಿಟ್‌ಗೆ ಮೂರೂವರೆ ಲೀಟರಿಗಿಂತ ಹೆಚ್ಚು ನೀರು ಬಳಸಬಾರದೆಂದು ಕೇಂದ್ರ ಸರ್ಕಾರ 2015ರಲ್ಲಿ ಮಿತಿ ಹಾಕಿತು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಕಾಲುವೆಯ ರೈತನೂ ಕೇಂದ್ರವೂ ಅದೇ ನೀರಿಗೆ ಕಾಯಬೇಕು.

ಮೂರನೆಯದು ಬೂದಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮಣ್ಣಿನಂಶ ಹೆಚ್ಚು. ನೂರು ಕಿಲೋ ಉರಿಸಿದರೆ ಮೂವತ್ತು, ನಲವತ್ತು ಕಿಲೋ ಬೂದಿ. ಬೂದಿಕೆರೆ ಒಣಗಿದರೆ ಗಾಳಿಗೆ ಹಾರಿ ಪಕ್ಕದ ಊರಿನ ಬೆಳೆಯ ಮೇಲೆ, ಜನರ ಎದೆಯೊಳಗೆ ಕೂರುತ್ತದೆ. ಒಡ್ಡು ಸೋರಿದರೆ ಬಾವಿ ಕೆಡುತ್ತದೆ. ಇದೇ ಬೂದಿಯಿಂದ ಇಟ್ಟಿಗೆ, ಸಿಮೆಂಟ್ ಮಾಡಬಹುದು. 2021ರ ಡಿಸೆಂಬರಿನ ನಿಯಮದಂತೆ ಕೇಂದ್ರಗಳು ತಮ್ಮ ಬೂದಿಯನ್ನೆಲ್ಲ ಉಪಯೋಗಕ್ಕೆ ತರಬೇಕು. ನಿಯಮ ಕಾಗದದಲ್ಲಿ ಉಳಿಯದಂತೆ ಕೇಳುವ ಹಕ್ಕು ಊರವರಿಗಿದೆ.

ಹಾಗಾದರೆ ಇವನ್ನೆಲ್ಲ ಮುಚ್ಚಿಬಿಡೋಣವೇ? ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂದಿಗೂ ಕಲ್ಲಿದ್ದಲಿನದೇ. ಬಿಸಿಲಿನ ವಿದ್ಯುತ್ ಬೆಳೆಯುತ್ತಿದೆ, ಆದರೆ ಹೊತ್ತು ಮುಳುಗಿದ ಮೇಲೆ ಮನೆಮನೆಯಲ್ಲಿ ದೀಪ ಹೊತ್ತುವಾಗ ಭಾರ ಮತ್ತೆ ಬಾಯ್ಲರಿನ ಮೇಲೇ ಬೀಳುತ್ತದೆ. ಬಡ ದೇಶಕ್ಕೆ ಬೆಳಕೂ ಬೇಕು, ನೀರೂ ಬೇಕು, ಉಸಿರೂ ಬೇಕು.

ನಮ್ಮ ಕೈಯಲ್ಲೂ ಒಂದಿಷ್ಟಿದೆ. ಪಂಪಿಗೆ ಸರಿಯಾದ ಕೆಪ್ಯಾಸಿಟರ್ ಹಾಕಿಸಿ, ಸಲೀಸಾಗಿ ನೀರು ಬಿಡುವ ಫುಟ್‌ವಾಲ್ವ್ ಕೂಡಿಸಿ, ಬೆಳೆಗೆ ಸಾಕಾದ ಕೂಡಲೇ ಮೋಟರು ನಿಲ್ಲಿಸಿ. ನೀವು ಉಳಿಸಿದ ನಾಲ್ಕು ಯೂನಿಟ್ ಎಂದರೆ ಯಾವುದೋ ಊರಿನ ಮೇಲೆ ಬೀಳದೆ ಹೋದ ಒಂದು ಕಿಲೋ ಬೂದಿ.