ಎಫ್ 1.2 ಲೆನ್ಸ್ ಹಾಕಿದರೆ ಕ್ಯಾಮೆರಾಗೆ ನಿಜಕ್ಕೂ ಅಷ್ಟು ಬೆಳಕು ಸಿಗುತ್ತದೆಯೇ?

ಬಳ್ಳಾರಿಯ ಕಲ್ಯಾಣ ಮಂಟಪದಲ್ಲಿ ನಸುಕಿನ ಮುಹೂರ್ತ, ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯ ಸಂಜೆ, ಸಿರುಗುಪ್ಪ ಕಡೆಯ ಹಳ್ಳಿಯಲ್ಲಿ ರಾತ್ರಿಯಿಡೀ ಬಯಲಾಟ. ಫ್ಲ್ಯಾಶ್ ಇಲ್ಲದೆ ಇವನ್ನು ಸೆರೆಹಿಡಿಯಬೇಕಾದ ಫೋಟೋಗ್ರಾಫರ್‌ಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: "ಎಫ್ 1.2 ಲೆನ್ಸ್ ತಗೊಳ್ಳಿ, ಕತ್ತಲಲ್ಲೂ ಹಗಲಿನಂಥ ಫೋಟೋ ಬರುತ್ತೆ." ಇಂಥ ಲೆನ್ಸಿನ ಬೆಲೆ ಎಫ್ 1.8 ಲೆನ್ಸಿನ ಹಲವು ಪಟ್ಟು. ಸಾಲ ಮಾಡುವ ಮೊದಲು ಈ ಮಾತು ಎಷ್ಟು ನಿಜ ಎಂದು ನೋಡೋಣ.

ಲೆಕ್ಕ ಏನು ಹೇಳುತ್ತದೆ?

ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬೆಳಕಿಂಡಿ, ಅಂದರೆ ಅಪರ್ಚರ್, ದೊಡ್ಡದು. ಎಫ್ 2ರಿಂದ ಎಫ್ 1.4ಕ್ಕೆ ಬಂದರೆ ಬೆಳಕು ಎರಡು ಪಟ್ಟಾಗುತ್ತದೆ; ಇದನ್ನೇ ಒಂದು ಸ್ಟಾಪ್ ಎನ್ನುತ್ತಾರೆ. ಎಫ್ 1.4ರಿಂದ 1.2ಕ್ಕೆ ಹೋದರೆ ಹೆಚ್ಚುವುದು ಶೇ. 36ರಷ್ಟು ಮಾತ್ರ, ಅರ್ಧ ಸ್ಟಾಪ್‌ಗಿಂತ ಸ್ವಲ್ಪ ಕಡಿಮೆ. ಇದೂ ಲೆನ್ಸಿನಿಂದ ಹೊರಬರುವ ಬೆಳಕಿನ ಲೆಕ್ಕ. ಸೆನ್ಸರ್ ಅದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಬಾವಿಯ ತಳಕ್ಕೆ ಬಿಸಿಲು

ಹಳೆಯ ಫಿಲ್ಮ್ ಒಂದು ರೀತಿ ಕಣದಲ್ಲಿ ಹರವಿದ ಭತ್ತದಂತೆ. ಬೆಳಕು ಓರೆಯಾಗಿ ಬಂದರೂ ತಾಗುತ್ತದೆ. ಡಿಜಿಟಲ್ ಸೆನ್ಸರ್‌ನ ಪಿಕ್ಸೆಲ್ ಹಾಗಲ್ಲ, ಅದು ಬಾವಿಯಂತೆ. ಬೆಳಕನ್ನು ಗ್ರಹಿಸುವ ಭಾಗ ತಳದಲ್ಲಿರುತ್ತದೆ. ಮೇಲೆ ಬಣ್ಣದ ಫಿಲ್ಟರ್, ಪುಟ್ಟ ಮೈಕ್ರೋಲೆನ್ಸ್, ಸುತ್ತ ಲೋಹದ ತಂತಿಗಳ ಪದರ ಇರುತ್ತವೆ. ನಡುಹಗಲಿನ ಬಿಸಿಲು ಬಾವಿಯ ತಳ ಮುಟ್ಟುತ್ತದೆ, ಬೆಳಗಿನ ಬಿಸಿಲು ಗೋಡೆಗೇ ಬಡಿದು ನಿಲ್ಲುತ್ತದೆ.

ಬೆಳಕಿಂಡಿ ದೊಡ್ಡದಾದಷ್ಟೂ ಅದರ ಅಂಚಿನಿಂದ ಬರುವ ಕಿರಣಗಳು ಹೆಚ್ಚು ಓರೆಯಾಗುತ್ತವೆ. ಚಿತ್ರದ ನಡುಭಾಗದಲ್ಲೇ ಈ ಓರೆ ಎಫ್ 2.8ರಲ್ಲಿ ಸುಮಾರು 10 ಡಿಗ್ರಿ, ಎಫ್ 1.4ರಲ್ಲಿ 21, ಎಫ್ 1.2ರಲ್ಲಿ ಸುಮಾರು 25 ಡಿಗ್ರಿ. ನೀವು ಹೆಚ್ಚು ಹಣ ಕೊಟ್ಟು ಪಡೆದ ಆ ಅಂಚಿನ ಬೆಳಕೇ ಗೋಡೆಗೆ ಬಡಿದು ಪೋಲಾಗುವ ಸಾಧ್ಯತೆ ಹೆಚ್ಚು.

ಕ್ಯಾಮೆರಾದ ಗುಟ್ಟು

2010ರಲ್ಲಿ ಫ್ರಾನ್ಸ್‌ನ ಡಿಎಕ್ಸ್‌ಒ ಸಂಸ್ಥೆಯ ಅಳತೆಗಳು ಈ ನಷ್ಟವನ್ನು ತೋರಿಸಿದವು. ಆ ಅಂಕಿಗಳನ್ನು ಮುಂದಿಟ್ಟುಕೊಂಡು ಛಾಯಾಗ್ರಾಹಕ ಮಾರ್ಕ್ ಡುಬೊವೊಯ್ ಕ್ಯಾಮೆರಾ ತಯಾರಕರಿಗೆ ಬಹಿರಂಗ ಪತ್ರ ಬರೆದರು. ಅವರ ತಕರಾರು ಇನ್ನೊಂದು ವಿಷಯದ ಬಗ್ಗೆಯೂ ಇತ್ತು. ಲೆನ್ಸ್ ತೀರಾ ತೆರೆದಿದೆ ಎಂದು ತಿಳಿದ ಕ್ಯಾಮೆರಾ, ಕೊರತೆ ತುಂಬಲು ಒಳಗೊಳಗೇ ಸಂಕೇತವನ್ನು ಹಿಗ್ಗಿಸುತ್ತದೆ. ಪರದೆಯ ಮೇಲೆ ಐಎಸ್‌ಒ 800 ಎಂದೇ ಇರುತ್ತದೆ, ಕೆಲಸ ನಡೆದಿರುವುದು ಅದಕ್ಕಿಂತ ಹೆಚ್ಚಿನ ಐಎಸ್‌ಒದಲ್ಲಿ. ಹಾಗಾಗಿ ಫೋಟೋ ಮಂಕಾಗದಿದ್ದರೂ ಕಾಳುಕಾಳಾದ ನಾಯ್ಸ್ ಸ್ವಲ್ಪ ಹೆಚ್ಚುತ್ತದೆ. ಅಂಚಿನ ಕಿರಣಗಳು ಕಳೆದುಹೋಗುವುದರಿಂದ ಹಿನ್ನೆಲೆಯ ಮಸುಕೂ ನಿರೀಕ್ಷಿಸಿದಷ್ಟು ಇರುವುದಿಲ್ಲ.

ಈಗಲೂ ಹಾಗೆಯೇ?

ಪರಿಸ್ಥಿತಿ ಸುಧಾರಿಸಿದೆ. ಬಿಎಸ್‌ಐ ಸೆನ್ಸರ್‌ನಲ್ಲಿ ತಂತಿಗಳ ಪದರ ಹಿಂಬದಿಗೆ ಹೋಗಿ ಬಾವಿಯ ಆಳ ಕಡಿಮೆಯಾಗಿದೆ. 2015ರಲ್ಲಿ ಬಂದ ಸೋನಿಯ ಎ7ಆರ್ 2 ಇಂಥ ಸೆನ್ಸರ್ ಇದ್ದ ಮೊದಲ ಫುಲ್‌ಫ್ರೇಮ್ ಕ್ಯಾಮೆರಾ. ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುವ ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಮಾತ್ರ ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ನೀವೇ ಪರೀಕ್ಷಿಸಿ

ಲೆನ್ಸನ್ನು ಒಂದು ದಿನ ಬಾಡಿಗೆಗೆ ತನ್ನಿ. ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲಿಟ್ಟು, ನೆರಳಿನಲ್ಲಿರುವ ಗೋಡೆಯನ್ನು ಮ್ಯಾನುಯಲ್ ಮೋಡ್‌ನಲ್ಲಿ, ಐಎಸ್‌ಒ ಬದಲಿಸದೆ, ರಾ ಫೈಲ್ ಆಗಿ ತೆಗೆಯಿರಿ: ಎಫ್ 1.4ಕ್ಕೆ 1/1000 ಸೆಕೆಂಡ್, ಎಫ್ 2ಕ್ಕೆ 1/500, ಎಫ್ 2.8ಕ್ಕೆ 1/250. ಲೆಕ್ಕದಂತೆ ಮೂರೂ ಒಂದೇ ಥರ ಇರಬೇಕು. ನಡುಭಾಗವನ್ನಷ್ಟೇ ಹೋಲಿಸಿ, ಏಕೆಂದರೆ ಮೂಲೆಗಳು ಮಂಕಾಗುವುದಕ್ಕೆ ಲೆನ್ಸೂ ಕಾರಣ. ಎಫ್ 1.4ರ ಚಿತ್ರ ಮಂಕಾಗಿದ್ದರೆ ಬೆಳಕು ಪೋಲಾಗಿದೆ. ಬೆಳಕು ಸಮನಾಗಿದ್ದು ನಾಯ್ಸ್ ಹೆಚ್ಚಿದ್ದರೆ ಕ್ಯಾಮೆರಾ ಕೊರತೆಯನ್ನು ಮುಚ್ಚಿಟ್ಟಿದೆ.

ಕೊನೆಗೆ, ಎಫ್ 1.2 ಲೆನ್ಸ್ ಮೋಸವಲ್ಲ. ಅದರ ಹಿನ್ನೆಲೆಯ ಮಸುಕು, ಅದರ ಅಂದ ಬೇಕಿದ್ದವರು ಕೊಳ್ಳಲಿ. ಕತ್ತಲೆಯಲ್ಲಿ ಬೆಳಕಿಗಾಗಿ ಮಾತ್ರ ಬೇಕಿದ್ದರೆ ಎಫ್ 1.8 ಲೆನ್ಸ್ ಕೊಂಡು, ಉಳಿದ ಹಣವನ್ನು ಹೊಸ ಸೆನ್ಸರ್ ಇರುವ ಕ್ಯಾಮೆರಾಕ್ಕೆ ಹಾಕುವುದು ಹೆಚ್ಚು ಲಾಭ.